ಗೆಳೆಯರು ಮುನಿದದ್ದು ತಮಾಷೆಗಲ್ಲ, ಹೊತ್ತಿಗೆ
ಚುನಾವಣೆಯಲ್ಲಿ ಕಾಂಗ್ರೆಸ್ ಪರ ದುಡಿದ ಗೆಳೆಯರೊಬ್ಬರು ನಿಮ್ಮ ತಮಾಷೆಗೆ ಮುನಿದಿದ್ದಾರೆ, ಹೇಗೆ ಸರಿಪಡಿಸಲಿ ಎಂದು ಕೇಳಿದ್ದೀರಿ. ಬಹುಶಃ ಅವರಿಗೆ ನೋವಾದದ್ದು ತಮಾಷೆಯಿಂದಲ್ಲ, ಅದನ್ನು ಎಲ್ಲರಿರುವ ವಾಟ್ಸಾಪ್ ಗುಂಪಿನಲ್ಲಿ ಫಲಿತಾಂಶದ ದಿನವೇ ಹಾಕಿದ್ದರಿಂದ. 2024ರ ಜೂನ್ 4ರಂದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಡಿ.ಕೆ. ಸುರೇಶ್ ಅವರು ಬಿಜೆಪಿಯ ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಅವರೆದುರು 2.5 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತಾಗ, ಬಿಸಿಲಿನಲ್ಲಿ ಮನೆಮನೆಗೆ ಕರಪತ್ರ ಹಂಚಿದವರಿಗೆ ‘ಎದೆನೋವಾದರೆ ನಮ್ಮ ಡಾಕ್ಟರನ್ನೇ ಕಾಣಿ’ ಎಂಬ ನಿಮ್ಮ ಸಾಲು ತಮ್ಮ ದುಡಿಮೆಯನ್ನೇ ಹಂಗಿಸಿದಂತೆ ಕೇಳಿಸಿರುತ್ತದೆ.

ಮೊದಲು ಆ ಗುಂಪಿನಲ್ಲೇ ಒಂದು ಸಾಲಿನಲ್ಲಿ ಕ್ಷಮೆ ಕೇಳಿ. ಬಳಿಕ ಮನೆಗೇ ಹೋಗಿ, 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದು ನಿಮ್ಮ ಬಿಜೆಪಿ 66ಕ್ಕೆ ಇಳಿದಾಗ ಅವರು ನಿಮ್ಮನ್ನು ಕಾಡಿಸಿದ್ದನ್ನು ನೀವೇ ನೆನಪಿಸಿ ನಕ್ಕುಬಿಡಿ. ಮುಂದಿನ ತಮಾಷೆಯ ಸರದಿ ಅವರಿಗಿರಲಿ. ನನ್ನ ಗೆಳೆಯರೊಬ್ಬರು ಹೀಗೆಯೇ ತಿಳಿಯಾದರು, ಎಲ್ಲರೂ ಒಂದೇ ಭೇಟಿಗೆ ಆಗುತ್ತಾರೆಂದು ಹೇಳಲಾರೆ. ಅವರು ನಗದಿದ್ದರೆ ರಾಜಕೀಯವೆತ್ತದೆ ಕಾಫಿ ಕುಡಿದು ಬಂದು, ವಾರ ಬಿಟ್ಟು ಮತ್ತೆ ಹೋಗಿ.