ಎಲುಬಿನ ಬಳಿ ಇಟ್ಟ ಔಷಧಿಯ ಮಣಿ ಎಲುಬು ಕೂಡುವುದನ್ನು ತಡೆಯುವುದೇ?

ಪ್ರಶ್ನೆ: ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುವಾಗ ನನ್ನ ತಮ್ಮ ಮರದಿಂದ ಬಿದ್ದು, ಮೊಣಕಾಲಿನ ಕೆಳಗಿನ ಎಲುಬು ಮುರಿದು ಚರ್ಮ ಸೀಳಿಕೊಂಡು ಹೊರಬಂದಿತ್ತು. ತೋಟದ ಕೆಸರು ಸೇರಿ ಕೀವಾದ್ದರಿಂದ ಹುಬ್ಬಳ್ಳಿಯ ವೈದ್ಯರು ಜೆಂಟಾಮೈಸಿನ್ ಎಂಬ ಆ್ಯಂಟಿಬಯಾಟಿಕ್ ಬೆರೆಸಿದ ಸಿಮೆಂಟಿನ ಮಣಿಗಳನ್ನು ಒಳಗೆ ಇಟ್ಟಿದ್ದಾರೆ. ಇಂಥ ಔಷಧಿ ಎಲುಬು ಬೆಳೆಸುವ ಸ್ಟೆಮ್ ಸೆಲ್‌ಗಳನ್ನೇ ಕೊಲ್ಲುತ್ತದೆಂದು ನೆಂಟರೊಬ್ಬರು ಹೇಳಿದಾಗಿನಿಂದ ಅಮ್ಮನಿಗೆ ನಿದ್ದೆಯಿಲ್ಲ. ಮಣಿಗಳನ್ನು ಬೇಗ ತೆಗೆಸಬೇಕೆ?
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ನೀವಾಗಿಯೇ ನಿರ್ಧರಿಸಿ ಬೇಗ ತೆಗೆಸಬೇಡಿ. ನೆಂಟರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದರಲ್ಲಿ ಪ್ರಮಾಣದ ವಿಚಾರ ಬಿಟ್ಟುಹೋಗಿದೆ.

ಮುರಿದ ಎಲುಬಿನ ಸುತ್ತಲಿನ ರಕ್ತನಾಳಗಳು ಹರಿದಿರುವುದರಿಂದ ನುಂಗಿದ ಅಥವಾ ನರಕ್ಕೆ ಕೊಟ್ಟ ಔಷಧಿ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಬ್ಯಾಕ್ಟೀರಿಯಾಗಳಾದರೋ ಸತ್ತ ಎಲುಬಿನ ಚೂರುಗಳ ಮೇಲೆ ಲೋಳೆಯಂಥ ಪೊರೆ ಕಟ್ಟಿಕೊಂಡು ಅವಿತಿರುತ್ತವೆ. ಔಷಧಿಯನ್ನು ಎಲುಬಿನ ಬಳಿಯೇ ಇಡುವುದು ಇದಕ್ಕೇ. 1970ರಲ್ಲಿ ಜರ್ಮನಿಯ ಬುಖ್‌ಹೋಲ್ಜ್ ಮತ್ತು ಎಂಗೆಲ್‌ಬ್ರೆಕ್ಟ್ ಎಂಬ ವೈದ್ಯರು ಬೋನ್ ಸಿಮೆಂಟಿಗೆ (ಎಲುಬಿನ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ, ಗಟ್ಟಿಯಾಗುವ ಪ್ಲಾಸ್ಟಿಕ್) ಆ್ಯಂಟಿಬಯಾಟಿಕ್ ಬೆರೆಸಿದ ಅನುಭವವನ್ನು ಪ್ರಕಟಿಸಿದರು. ಹೀಗೆ ಇಟ್ಟ ಔಷಧಿ ಗಾಯದೊಳಗೆ ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಸಾಂದ್ರವಾಗಿರುತ್ತದೆ. ರಕ್ತಕ್ಕೆ ಸೇರುವುದು ಕಡಿಮೆಯಾದ್ದರಿಂದ ಮೂತ್ರಪಿಂಡ ಮತ್ತು ಕಿವಿಗೆ ಅಪಾಯವೂ ಕಡಿಮೆ.

ಆ ಸಾಂದ್ರತೆಯೇ ನಿಮ್ಮ ಪ್ರಶ್ನೆಯ ಮೂಲ. ಮಜ್ಜೆಯಲ್ಲೂ ಎಲುಬಿನ ಮೇಲ್ಪೊರೆಯಲ್ಲೂ ಇರುವ ಕಾಂಡಕೋಶಗಳು (ಸ್ಟೆಮ್ ಸೆಲ್‌ಗಳು) ಗಾಯದ ಜಾಗಕ್ಕೆ ಬಂದು, ಹೆಚ್ಚಿ, ಎಲುಬು ಕಟ್ಟುವ ಕೋಶಗಳಾಗಿ ಮಾರ್ಪಡುತ್ತವೆ. ಜೆಂಟಾಮೈಸಿನ್ ಬ್ಯಾಕ್ಟೀರಿಯಾಗಳ ಪ್ರೋಟೀನ್ ತಯಾರಿಕೆಯನ್ನು ಕೆಡಿಸುತ್ತದೆ. ನಮ್ಮ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಲ್ಲಿಯೂ ಬ್ಯಾಕ್ಟೀರಿಯಾದಂಥದ್ದೇ ಪ್ರೋಟೀನ್ ವ್ಯವಸ್ಥೆ ಇರುವುದರಿಂದ, ಪ್ರಮಾಣ ಅತಿಯಾದರೆ ಅವುಗಳಿಗೂ ಪೆಟ್ಟು ಬೀಳಬಹುದು. ವ್ಯಾಂಕೊಮೈಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವುದನ್ನು ತಡೆಯುತ್ತದೆ; ನಮ್ಮ ಕೋಶಗಳಿಗೆ ಅಂಥ ಭಿತ್ತಿಯೇ ಇಲ್ಲ. 1996ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಿಲಿಲೀಟರಿಗೆ 1,000 ಮೈಕ್ರೋಗ್ರಾಂ ವ್ಯಾಂಕೊಮೈಸಿನ್ ಇದ್ದರೂ ಎಲುಬು ಕಟ್ಟುವ ಕೋಶಗಳಿಗೆ ಹೆಚ್ಚೇನೂ ಆಗಲಿಲ್ಲ. 10,000 ಮೈಕ್ರೋಗ್ರಾಂ ಇದ್ದಾಗ ಅವು ಸತ್ತವು. ರಿಫಾಂಪಿಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಎಂಬ ಬೇರೆ ಆ್ಯಂಟಿಬಯಾಟಿಕ್‌ಗಳು ಪ್ರಯೋಗಾಲಯದಲ್ಲಿ ಇದಕ್ಕಿಂತ ಕಡಿಮೆ ಸಾಂದ್ರತೆಯಲ್ಲೇ ಹಾನಿ ಮಾಡುತ್ತವೆ.

ಪ್ರಯೋಗಾಲಯದ ತಟ್ಟೆಯಲ್ಲಿ ಕೋಶಗಳು ಔಷಧಿಯಲ್ಲೇ ಮುಳುಗಿರುತ್ತವೆ. ದೇಹದಲ್ಲಿ ಹಾಗಲ್ಲ: ಮಣಿಯಿಂದ ಮೊದಲ ಕೆಲವು ದಿನ ಔಷಧಿ ಹೆಚ್ಚಾಗಿ ಹೊರಬಂದು ಬಳಿಕ ಕುಗ್ಗುತ್ತದೆ, ಸುತ್ತಲಿನ ದ್ರವ ಅದನ್ನು ತೆಳುಗೊಳಿಸುತ್ತದೆ, ದೂರದ ಮಜ್ಜೆಯಿಂದ ಹೊಸ ಕೋಶಗಳು ಬರುತ್ತಲೇ ಇರುತ್ತವೆ. ಆದರೆ ಸೋಂಕು ಉಳಿದರೆ ಎಲುಬು ಕರಗುತ್ತ ಹೋಗುತ್ತದೆ, ಆ ಸ್ಥಿತಿಯಲ್ಲಿ ಯಾವ ಕಾಂಡಕೋಶವೂ ನೆಟ್ಟಗೆ ಕೆಲಸ ಮಾಡಲಾರದು. ಆದ್ದರಿಂದ ನನ್ನ ಭಯ ಔಷಧಿಗಿಂತ ಕೀವಿನ ಬಗ್ಗೆಯೇ ಹೆಚ್ಚು.

ಸಿಮೆಂಟಿನ ಮಣಿ ತಾನಾಗಿ ಕರಗುವುದಿಲ್ಲ. ಅದನ್ನು ತೆಗೆಯುವ ದಿನವನ್ನು ವೈದ್ಯರಿಂದ ಕೇಳಿ ಬರೆದಿಟ್ಟುಕೊಳ್ಳಿ, ನೋವಿಲ್ಲವೆಂದು ಮುಂದೂಡಬೇಡಿ. ತಮ್ಮನಿಗೆ ಬೀಡಿ ಸಿಗರೇಟಿನ ಅಭ್ಯಾಸವಿದ್ದರೆ ಈಗಲೇ ಬಿಡಿಸಿ. ಎಲುಬು ಕೂಡುವುದನ್ನು ಅದು ಖಂಡಿತ ತಡಮಾಡುತ್ತದೆ. ಗಾಯ ಒಣಗಲೆಂದು ಕ್ಯಾಪ್ಸೂಲ್ ಒಡೆದು ಪುಡಿ ಉದುರಿಸುವ ರೂಢಿ ನಮ್ಮ ಕಡೆ ಇದೆ. ತೆರೆದ ಎಲುಬಿನ ಮೇಲೆ ಅಳತೆಯಿಲ್ಲದೆ ಹಾಗೆ ಉದುರಿಸುವುದೇ ನಿಮ್ಮ ನೆಂಟರು ಹೇಳಿದ ಹಾನಿಗೆ ನಿಜವಾದ ದಾರಿ. ದಯವಿಟ್ಟು ಅದನ್ನು ಮಾಡಬೇಡಿ.