ಮೇಷ್ಟರನ್ನು ಕೇಳಿ: ಎಕರೆ ಲೆಕ್ಕವೂ ಬಸ್ಸಿನ ಲೆಕ್ಕವೂ

ಪ್ರಶ್ನೆ: ಮೇಷ್ಟರೇ, ನಾವು ತುಮಕೂರಿನಿಂದ ಬೆಂಗಳೂರಿನ ಬನಶಂಕರಿ ಕಡೆಗೆ ಮನೆ ಬದಲಿಸುತ್ತಿದ್ದೇವೆ. ಮಗಳನ್ನು ಒಂದನೇ ತರಗತಿಗೆ ಸೇರಿಸಬೇಕು. ಎರಡು ಖಾಸಗಿ ಶಾಲೆಗಳನ್ನು ನೋಡಿದೆವು. ಒಂದು ಊರಾಚೆ ಇದೆ. ಹತ್ತಾರು ಎಕರೆ ಆವರಣ, ಈಜುಕೊಳ, ಬಸ್ಸಿನಲ್ಲಿ ಒಂದೂಕಾಲು ಗಂಟೆ. ಇನ್ನೊಂದು ನಡೆದು ಹೋಗುವಷ್ಟು ಹತ್ತಿರ. ನಾಲ್ಕು ಮಹಡಿಯ ಕಟ್ಟಡ, ಹಿಂದೆ ಸಾಧಾರಣ ಮೈದಾನ. ಎರಡರಲ್ಲೂ ಹುಡುಗ ಹುಡುಗಿಯರು ಒಟ್ಟಿಗೆ ಓದುತ್ತಾರೆ. ನಮ್ಮ ಯಜಮಾನರ ಮನಸ್ಸು ದೊಡ್ಡದರ ಮೇಲಿದೆ. ನೀವೇನು ಹೇಳುತ್ತೀರಿ?
— ಒಬ್ಬ ತಾಯಿ

ಉತ್ತರ: ತಾಯಿ, ಮೊದಲು ಯಜಮಾನರ ಕೈಗೆ ಒಂದು ಪೆನ್ಸಿಲ್ ಕೊಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ನಿಮ್ಮ ಮಗಳು ಹೋಗುತ್ತಾ ಬರುತ್ತಾ ದಿನಕ್ಕೆ ಎರಡೂವರೆ ಗಂಟೆ ಬಸ್ಸಿನಲ್ಲಿ ಕೂತರೆ 200 ದಿನಕ್ಕೆ 500 ಗಂಟೆ. ಎಂಟುನೂರು ಗಂಟೆ ಕಲಿಯಲು ಐನೂರು ಗಂಟೆ ಕಿಟಕಿಗೆ ತಲೆ ಕೊಟ್ಟು ತೂಕಡಿಕೆ! ಅದೂ ರಸ್ತೆಯಲ್ಲಿ ಎಲ್ಲೂ ಅಗೆತವಿಲ್ಲದ ದಿನದ ಲೆಕ್ಕ.

ಈಜುಕೊಳ ತೋರಿಸಿದವರನ್ನು ಒಂದು ಮಾತು ಕೇಳಿ: ಒಂದನೇ ತರಗತಿಯವರನ್ನು ವಾರಕ್ಕೆ ಎಷ್ಟು ಪೀರಿಯಡ್ ನೀರಿಗೆ ಇಳಿಸುತ್ತೀರಿ? ಉತ್ತರ ತಡವರಿಸಿ ಬಂದರೆ ಆ ಕೊಳ ಇರುವುದು ಬಣ್ಣದ ಕರಪತ್ರಕ್ಕಾಗಿ ಎಂದು ತಿಳಿಯಿರಿ. ಅದೇ ಕಾಯ್ದೆಯ ಅನುಸೂಚಿಯಲ್ಲಿ ಶಾಲಾ ಕಟ್ಟಡಕ್ಕೆ ಬೇಕಾದ ಪಟ್ಟಿ ಇದೆ. ಪ್ರತಿ ಶಿಕ್ಷಕರಿಗೆ ಒಂದು ಕೊಠಡಿ, ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಕುಡಿಯುವ ನೀರು, ಆಟದ ಮೈದಾನ, ಕಾಂಪೌಂಡ್ ಅಥವಾ ಬೇಲಿ, ಅಂಗವಿಕಲ ಮಕ್ಕಳೂ ತಡೆಯಿಲ್ಲದೆ ಬರುವ ದಾರಿ. ಎಷ್ಟು ಎಕರೆ ಎಂಬ ಮಾತು ಅದರಲ್ಲಿ ಇಲ್ಲವೇ ಇಲ್ಲ.

ಹತ್ತಿರದ ಶಾಲೆಗೆ ಇನ್ನೊಮ್ಮೆ ಹೋಗಿ. ಪೋಷಕರನ್ನು ಕರೆದು ಕಾಫಿ ಕೊಡುವ ದಿನ ಬೇಡ. ಬೆಳಿಗ್ಗೆಯ ಸಣ್ಣ ಬಿಡುವು ಮುಗಿಯುವ ಹೊತ್ತಿಗೆ ಹೋಗಿ, ಹೆಣ್ಣುಮಕ್ಕಳ ಶೌಚಾಲಯ ನೋಡಬೇಕು ಎಂದು ಕೇಳಿ. ಬೆಳಿಗ್ಗೆ ಎಂಟಕ್ಕೆ ಎಲ್ಲ ಶಾಲೆಯ ಶೌಚಾಲಯವೂ ಫಳಫಳ ಹೊಳೆಯುತ್ತದೆ. ಹನ್ನೊಂದಕ್ಕೆ ನಿಜ ಗೊತ್ತಾಗುತ್ತದೆ. ಬಾಗಿಲಿಗೆ ಚಿಲಕ ಇದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಅದು ಆರು ವರ್ಷದ ಕೈಗೆ ಎಟುಕುತ್ತದೆಯೇ ನೋಡಿ. ಇವು ಸರಿಯಿಲ್ಲದ ಕಡೆ ಹೆಣ್ಣುಮಕ್ಕಳು ಸಂಜೆಯವರೆಗೆ ನೀರನ್ನೇ ಕುಡಿಯದೆ ಕೂರುತ್ತಾರೆ. ನೀರಿನ ಬಾಟಲಿ ತುಂಬಿದ ಹಾಗೆಯೇ ಮನೆಗೆ ಬಂದರೆ ಅಮ್ಮಂದಿರು ಮಗುವನ್ನು ಬೈಯುತ್ತಾರೆ, ಪಾಪ.

ಹಾಗೆಯೇ ಮೈದಾನದ ಬದಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹುಡುಗ ಹುಡುಗಿಯರು ಕೂಡಿ ಓದುವ ಶಾಲೆ ಎಂದು ಫಲಕದಲ್ಲಿ ಬರೆದಿರುತ್ತದೆ. ಊಟದ ಬಿಡುವಿನಲ್ಲಿ ಮಾತ್ರ ದೊಡ್ಡ ಹುಡುಗರ ಕ್ರಿಕೆಟ್ ಇಡೀ ಮೈದಾನವನ್ನು ನುಂಗಿರುತ್ತದೆ, ಹುಡುಗಿಯರು ಮೆಟ್ಟಿಲ ಮೇಲೆ ಸಾಲಾಗಿ ಕೂತಿರುತ್ತಾರೆ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಮೈದಾನದ ಅರ್ಧಕ್ಕೆ ಸುಣ್ಣದ ಗೆರೆ ಎಳೆಸಿ, ಒಂದು ಪಾಲನ್ನು ಖೋ ಖೋ ಮತ್ತು ಥ್ರೋಬಾಲ್‌ಗೆ ಬಿಡಿಸಿದ್ದೆ. ಹುಡುಗರ ತಂದೆಯೊಬ್ಬರು ಜಗಳಕ್ಕೇ ಬಂದರು. ಗೆರೆ ಉಳಿಯಿತು. ನೀವು ನೋಡುವ ಶಾಲೆಯ ದೈಹಿಕ ಶಿಕ್ಷಕರನ್ನೂ ಈ ಬಗ್ಗೆ ವಿಚಾರಿಸಿ.

ಒಂದನೇ ತರಗತಿ ಮೂರನೇ ಮಹಡಿಯಲ್ಲಿದ್ದರೆ ಕೆಳಗೆ ತರಲು ಹೇಳಿ. ಉಳಿದದ್ದು ಸರಿಯಿದ್ದರೆ ನನ್ನ ಓಟು ಹತ್ತಿರದ್ದಕ್ಕೆ.

ಪ್ರಶ್ನೆ: ಮಗನಿಗೆ ಪ್ರವೇಶ ಪರೀಕ್ಷೆ, ನಮಗೆ ಸಂದರ್ಶನ, ಮೇಲೆ ರಸೀದಿ ಇಲ್ಲದ ‘ಕಟ್ಟಡ ನಿಧಿ’. ಇದೆಲ್ಲ ಸರಿಯೇ?
— ಓದುಗರು, ಹಾಸನ

ಉತ್ತರ: ಅಲ್ಲ. ಅದೇ ಕಾಯ್ದೆಯ 13ನೇ ಕಲಮು ಪ್ರವೇಶದ ಹೊತ್ತಿನಲ್ಲಿ ಮಗುವನ್ನಾಗಲಿ ಪೋಷಕರನ್ನಾಗಲಿ ಸೋಸುವುದನ್ನು ನಿಷೇಧಿಸಿದೆ. ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ಡೊನೇಷನ್ ವಸೂಲಿ ಮಾಡಿದರೆ ಅದರ ಹತ್ತು ಪಟ್ಟಿನವರೆಗೆ. ರಸೀದಿ ಕೇಳಿ, ಲಿಖಿತವಾಗಿ ಕೇಳಿ. ಕೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ಅರ್ಜಿ ಬರೆಯಿರಿ.

ಪ್ರಶ್ನೆ: ಹಕ್ಕಿ ನೋಡುವ ಗೆಳೆಯರು ಕನಕಪುರ ರಸ್ತೆಯ ‘ವ್ಯಾಲಿ ಸ್ಕೂಲ್’ ಎನ್ನುತ್ತಿರುತ್ತಾರೆ. ಅದು ಶಾಲೆಯೋ ಕಾಡೋ?
— ಓದುಗರು, ಮಂಡ್ಯ

ಉತ್ತರ: ಅಪ್ಪಟ ಶಾಲೆ. 1978ರಲ್ಲಿ ಆರಂಭವಾಯಿತು. ತತ್ವಚಿಂತಕ ಜಿಡ್ಡು ಕೃಷ್ಣಮೂರ್ತಿಯವರ ಆಶಯದ ಶಾಲೆ, ನಡೆಸುವುದು ಕೃಷ್ಣಮೂರ್ತಿ ಫೌಂಡೇಶನ್ ಇಂಡಿಯಾ. ಅದೇ ವರ್ಷ ಸೆಪ್ಟೆಂಬರ್ 1ರಿಂದ ಅವರು ತಮ್ಮ ಶಾಲೆಗಳಿಗೆಲ್ಲ ಹದಿನೈದು ದಿನಕ್ಕೊಂದರಂತೆ ಪತ್ರ ಬರೆಯಲು ತೊಡಗಿದ್ದರು. ಅವರು ಹುಟ್ಟಿದ ಮದನಪಲ್ಲಿಯ ಹತ್ತಿರ ಇರುವ ಅವರದೇ ಇನ್ನೊಂದು ಶಾಲೆ ರಿಷಿ ವ್ಯಾಲಿ, ಅದು ವಸತಿ ಶಾಲೆ. ಬೆಂಗಳೂರಿನ ಈ ವ್ಯಾಲಿ ಸ್ಕೂಲಿನಲ್ಲಿ ಮಾತ್ರ ಮಕ್ಕಳಲ್ಲಿ ಬಹುಪಾಲು ಬೆಳಿಗ್ಗೆ ಬಂದು ಪಾಠ ಮುಗಿಸಿ ಮನೆಗೆ ಮರಳುವವರು. ಇರುವುದು ತಾತಗುಣಿಯ ಬಳಿ. ಚಿತ್ರನಟಿ ದೇವಿಕಾ ರಾಣಿ ಮತ್ತು ಅವರ ಪತಿ, ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರ ಎಸ್ಟೇಟ್ ಇರುವ ತಾತಗುಣಿಯೇ ಅದು.

ಆವರಣ ನೂರು ಎಕರೆಗೂ ಹೆಚ್ಚು. ಮೇಲಿನ ತಾಯಿಗೆ ಎಕರೆಯ ಬಗ್ಗೆ ಅಷ್ಟು ಹೇಳಿದವನು ಈಗ ಮೆಚ್ಚುತ್ತಿದ್ದೇನೆ ಎಂದು ನಗಬೇಡಿ. ಮರ, ಹಕ್ಕಿ, ಮೌನ ಎಲ್ಲವೂ ಪಾಠದ ಭಾಗ ಎಂದು ನಂಬಿದವರು ಕಟ್ಟಿದ ಆವರಣ ಅದು, ಮಕ್ಕಳು ಅದರೊಳಗೆ ನಡೆದಾಡುತ್ತಾರೆ. ಆದರೂ ನಗರದ ಇನ್ನೊಂದು ತುದಿಯ ಹೆಬ್ಬಾಳದಿಂದ ಮಗುವನ್ನು ಅಲ್ಲಿಗೆ ಕಳಿಸುವವರಿಗೆ ನನ್ನ ಬಸ್ಸಿನ ಲೆಕ್ಕದಲ್ಲಿ ರಿಯಾಯಿತಿ ಇಲ್ಲ. 2021ರಲ್ಲಿ ಮೆಟ್ರೊ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯ ನಿಲ್ದಾಣದವರೆಗೆ ಬಂದದ್ದು ದೊಡ್ಡವರಿಗೆ ಅನುಕೂಲ. ಪುಟ್ಟ ಮಕ್ಕಳಿಗೆ ಅಷ್ಟಕ್ಕಷ್ಟೆ.

ಹಕ್ಕಿ ನೋಡಲು ಹೋಗುವುದಾದರೆ ಮೊದಲು ಶಾಲೆಗೆ ಫೋನ್ ಮಾಡಿ ಅನುಮತಿ ಕೇಳಿ. ಅದು ಲಾಲ್‌ಬಾಗ್ ಅಲ್ಲ. ಮಕ್ಕಳಿರುವ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ.

ಪ್ರಶ್ನೆ: ಐಸಿಎಸ್‌ಇ ಶಾಲೆಗೆ ಸೇರಿಸಿದರೆ ಮೊಮ್ಮಗಳಿಗೆ ಕನ್ನಡ ತಪ್ಪಿಹೋಗುತ್ತದೆಯೇ?
— ಒಬ್ಬ ಅಜ್ಜ, ಧಾರವಾಡ

ಉತ್ತರ: ಕಾನೂನಿನ ಪ್ರಕಾರ ತಪ್ಪುವಂತಿಲ್ಲ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಐಸಿಎಸ್‌ಇಯಂಥ, ರಾಜ್ಯ ಪಠ್ಯಕ್ರಮವಲ್ಲದ ಶಾಲೆಗಳಿಗೂ ಅನ್ವಯಿಸುತ್ತದೆ. ಕನ್ನಡ ಮೊದಲ ಅಥವಾ ಎರಡನೇ ಭಾಷೆಯಾಗಿ ಇರಲೇಬೇಕು. ವಾರಕ್ಕೆ ಎಷ್ಟು ಪೀರಿಯಡ್, ಕಲಿಸುವವರು ಯಾರು ಎಂದು ವೇಳಾಪಟ್ಟಿ ತರಿಸಿ ನೋಡಿ, ಅಜ್ಜನವರೇ. ಪೀರಿಯಡ್ ಕಡಿಮೆ ಕಂಡರೆ ಮುಖ್ಯ ಶಿಕ್ಷಕರಿಗೆ ಪತ್ರ ಬರೆಯಿರಿ, ಕನ್ನಡದಲ್ಲಿಯೇ.