ಅಜ್ಜಿಗೆ ಇಂಗ್ಲಿಷ್ ಬರಲ್ಲ, ಆಂಟಿ

ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬೇಡವೆಂದು ಶಾಲೆಯವರು ಹೇಳಿದ್ದನ್ನು ನಂಬಿ, ಅದರಿಂದ ಹೊಸ ತೊಂದರೆ ತಂದುಕೊಂಡು ಬರುವ ತಂದೆತಾಯಿಯರನ್ನು ನಾನು ಪ್ರತಿವರ್ಷ ಕಾಣುತ್ತೇನೆ. ಇದು ಅಂಥದೇ ಒಂದು ಪ್ರಕರಣ. ಗುರುತಿನ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಗೆ ನಾಲ್ಕೂವರೆ ವರ್ಷ. ಅವಳು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುತ್ತಾಳೆ, ಗೊಂದಲಗೊಂಡಿದ್ದಾಳೆ, ಈಚೆಗೆ ಹಠವೂ ಹೆಚ್ಚಿದೆ ಎಂಬುದು ಹೆತ್ತವರ ದೂರು. ಕನ್ನಡವೊಂದೇ ಬಲ್ಲ ಅಜ್ಜಿಗೆ, ಮೊಮ್ಮಗಳೊಡನೆ ಮಾತು ಕಡಿಮೆ ಮಾಡಿರೆಂದು ಸೂಚನೆಯಾಗಿತ್ತು.

ಮೂರನೆಯ ಭೇಟಿಗೆ ತಾಯಿಗೆ ರಜೆ ಸಿಗದೆ ಅಜ್ಜಿಯೇ ಮಗುವನ್ನು ಕರೆತಂದರು. ಅವರನ್ನು ಹೊರಗೆ ಕೂರಿಸಿ, ಬಿಸ್ಕೆಟ್ ಡಬ್ಬಿಯೊಂದನ್ನು ಮಗುವಿನ ಮುಂದೆ ತೆರೆದೆ. ಒಳಗಿದ್ದದ್ದು ಅಂಗಿಯ ಗುಂಡಿಗಳು. ಮುಚ್ಚಳ ಹಾಕಿ, "ಅಜ್ಜಿ ಇದರಲ್ಲಿ ಏನಿದೆ ಅಂದುಕೊಳ್ಳುತ್ತಾರೆ?" ಎಂದು ಕೇಳಿದೆ. "ಬಿಸ್ಕೆಟ್. ಅವ್ರು ನೋಡಿಲ್ವಲ್ಲ" ಎಂದಳು. ಈ ವಯಸ್ಸಿನ ಹಲವು ಮಕ್ಕಳು ಇಷ್ಟು ಹೇಳುತ್ತಾರೆ. ನನಗೆ ಅದು ಅಚ್ಚರಿಯಲ್ಲ. ಅನಂತರ ಅಜ್ಜಿಯನ್ನು ಒಳಗೆ ಕರೆದು, ಬೇಕೆಂದೇ ಇಂಗ್ಲಿಷಿನಲ್ಲಿ ಅದೇ ಪ್ರಶ್ನೆ ಕೇಳಿದಾಗ, ಹುಡುಗಿ ನನ್ನ ಸೆರಗು ಹಿಡಿದೆಳೆದು ಪಿಸುಗುಟ್ಟಿದಳು: "ಅಜ್ಜಿಗೆ ಇಂಗ್ಲಿಷ್ ಬರಲ್ಲ, ಆಂಟಿ. ಕನ್ನಡದಲ್ಲಿ ಕೇಳಿ."

ಯಾರಿಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬ ಲೆಕ್ಕವನ್ನು ದಿನವಿಡೀ ಮಾಡುತ್ತಿರುವ ಮಗುವನ್ನು ಗೊಂದಲದ ಮಗು ಎಂದು ಕರೆಯಲು ನಾನು ಸಿದ್ಧಳಿರಲಿಲ್ಲ. ಅಜ್ಜಿ ಮಾತ್ರ ಗುಂಡಿಗಳನ್ನು ಬೆರಳಲ್ಲಿ ಹೊರಳಿಸುತ್ತ, "ಮಾತು ಬಿಡಿ ಅಂದ್ರು, ಬಿಟ್ಟೆ. ಅವಳು ಬಂದು ಸುಮ್ನೆ ಪಕ್ಕದಲ್ಲಿ ಕೂತಿರ್ತಾಳೆ" ಎಂದರು. ಹಠದ ಬೇರು ಎಲ್ಲಿದೆಯೆಂದು ನನಗೆ ಆಗ ಹೊಳೆಯಿತು.

ಅಜ್ಜಿ ಮೊದಲಿನಂತೆಯೇ ಕನ್ನಡದಲ್ಲಿ ಮಾತನಾಡಲಿ, ರಾತ್ರಿ ಕಥೆ ಹೇಳುವಾಗ "ನರಿ ಏನಂದುಕೊಂಡಿತು? ಕಾಗೆಗೆ ಅದು ಗೊತ್ತಿತ್ತೇ?" ಎಂದು ನಡುನಡುವೆ ಕೇಳಲಿ, ಭಾಷೆ ಬೆರೆತರೆ ಯಾರೂ ಗದರಿಸದಿರಲಿ ಎಂದು ಹೇಳಿದೆ. ಇದು ಭಾಷಾಭಿಮಾನದ ಸಲಹೆಯೆಂದು ತಂದೆ ಆಕ್ಷೇಪಿಸಿದರು. ಅಭಿಮಾನ ನನಗಿದೆ, ಆದರೆ ಸಲಹೆಗೆ ಆಧಾರ ಅದಲ್ಲ. ಷಿಕಾಗೋದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 4ರಿಂದ 6 ವರ್ಷದ ಮಕ್ಕಳಿಗೆ ಮೂರು ಗಾತ್ರದ ಆಟದ ಕಾರುಗಳು ಕಾಣುತ್ತಿದ್ದವು. ಎದುರಿನ ದೊಡ್ಡವರಿಗೆ ಅತಿ ಚಿಕ್ಕದು ಮಾತ್ರ ಕಾಣುತ್ತಿರಲಿಲ್ಲ. ಅವರು "ಚಿಕ್ಕ ಕಾರು" ಎಂದಾಗ ಅವರಿಗೆ ಕಾಣುವ ಎರಡರಲ್ಲಿ ಚಿಕ್ಕದನ್ನೇ ಆರಿಸುವುದರಲ್ಲಿ ಎರಡು ಭಾಷೆಯ ಮಕ್ಕಳು ಒಂದೇ ಭಾಷೆಯ ಮಕ್ಕಳಿಗಿಂತ ಮುಂದಿದ್ದರು. ಎರಡನೆಯ ಭಾಷೆಯನ್ನು ಸುತ್ತಮುತ್ತ ಕೇಳಿ ಬೆಳೆದ, ಆದರೆ ಸರಾಗವಾಗಿ ಆಡಲಾರದ ಮಕ್ಕಳೂ ಅಷ್ಟೇ ಮುಂದಿದ್ದರು. ಎರಡು ಭಾಷೆ ಬಂದರೆ ಮಗು ಜಾಣವಾಗುತ್ತದೆಂದು ನಾನು ಹೇಳುತ್ತಿಲ್ಲ; ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ಎರಡೂ ಭಾಷೆಗಳಲ್ಲಿ ಮಾತು ಹಿಂದುಳಿದಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ, ವಾಕ್ ತಜ್ಞರಿಗೆ ತೋರಿಸಬೇಕು. ಭಾಷೆಯೊಂದನ್ನು ಕಿತ್ತುಹಾಕುವುದು ಅದಕ್ಕೆ ಚಿಕಿತ್ಸೆಯಲ್ಲ.

ತಂದೆ ಅರ್ಧ ಒಪ್ಪಿದರು: ಸಂಜೆ ಏಳರವರೆಗೆ ಇಂಗ್ಲಿಷ್, ಆಮೇಲೆ ಅಜ್ಜಿಯ ಕೋಣೆ.